ಅರಕಲಗೂಡು ದೊಡ್ಡಮ್ಮನವರ ಪ್ರಾಯೋಜಕತ್ವದಲ್ಲಿ

ನಮ್ಮ ಅಜ್ಜಿ ಐವತ್ತು ವರ್ಷಕ್ಕೂ ಮಿಕ್ಕಿ ಸಂಸಾರ ಮಾಡಿದರೂ ಒಂದೇ ಒಂದು ಸಲ ಅಜ್ಜನ ಹೆಸರು ಬಾಯಲ್ಲಿ ಎತ್ತಿದವರಲ್ಲ. ರೇಷನ್ ಕಾರ್ಡು ಬರೆದುಕೊಳ್ಳಲು ಬಂದವರು "ಯಜಮಾನರ ಹೆಸರೇನಮ್ಮ?" ಎಂದರೆ ಗೋಡೆಯ ಮೇಲಿದ್ದ ದೇವರ ಪಟದ ಕಡೆ ಕೈ ತೋರಿಸಿ ನಾಚಿಕೊಂಡು ಒಳಗೆ ಹೋಗುತ್ತಿದ್ದರು. ಬಂದವರು ಪಟದ ಕೆಳಗೆ ಅಚ್ಚಾಗಿದ್ದದ್ದನ್ನೇ ಬರೆದುಕೊಂಡು ಹೋದರಂತೆ. ಹೀಗಾಗಿ ನಮ್ಮ ಮನೆಯ ಯಜಮಾನರ ಹೆಸರು ಬಹಳ ಕಾಲ "ಶ್ರೀನಿವಾಸ ಕಲ್ಯಾಣ" ಎಂದೇ ಇತ್ತು.

ನಾನೂ ಇಲ್ಲಿ ಅಜ್ಜಿಯ ಸಂಪ್ರದಾಯವನ್ನೇ ಪಾಲಿಸುತ್ತೇನೆ. ನನ್ನ ಬಾಲ್ಯದ ಹೀರೋನ ಹೆಸರು ಹೇಳುವುದಿಲ್ಲ. "ನಮ್ಮವನು" ಎನ್ನುತ್ತೇನೆ, ಅಷ್ಟರಲ್ಲೇ ಅರ್ಥ ಮಾಡಿಕೊಳ್ಳಬೇಕು. ಆತನಿಗೆ ಈಗ ಅರವತ್ತು ದಾಟಿದೆ. ಸಂಭಾವಿತ ಮನುಷ್ಯ. ನಮ್ಮ ಮನೆಯವರು ಆತನಿಗೆ ಮಾಡಿದ್ದನ್ನು ಕೇಳಿದ ಮೇಲೆ ಹೆಸರು ಬಿಟ್ಟದ್ದೇ ಒಳ್ಳೆಯದಾಯಿತು ಎಂದು ನಿಮಗೂ ಅನ್ನಿಸಬಹುದು.

ಮೈಸೂರಿನಲ್ಲಿ ಸುಖವಾಗಿದ್ದ ಅಪ್ಪನಿಗೆ 1973ರಲ್ಲಿ ಅಮೆರಿಕದಲ್ಲಿ ಕೆಲಸ ಸಿಕ್ಕಿತು. ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆ, ಲಾಸ್ ಏಂಜಲಿಸ್ ಪಕ್ಕದ ಟಾರೆನ್ಸ್ ಎಂಬ ಊರು. ಎರಡು ವರ್ಷ ಎಂದು ಹೊರಟವರು ಏಳು ವರ್ಷ ಉಳಿದೆವು. ಏಳು ವರ್ಷವೂ ಅಪ್ಪ ಡಾಲರನ್ನು ಡಾಲರಾಗಿ ನೋಡಲೇ ಇಲ್ಲ. ಆಗ ಡಾಲರಿಗೆ ಎಂಟು, ಒಂಬತ್ತು ರೂಪಾಯಿ. ಅಂಗಡಿಯಲ್ಲಿ ನಿಂತು ಬಾಯಲ್ಲೇ ಒಂಬತ್ತರ ಮಗ್ಗಿ ಹೇಳಿಕೊಂಡು, ಬಾಳೆಹಣ್ಣಿನ ಬೆಲೆ ಕೇಳಿ ಎದೆ ಹಿಡಿದುಕೊಂಡು, ವಾಪಸ್ಸಿಟ್ಟು ಬರುತ್ತಿದ್ದರು.

ನಮ್ಮ ಬೀದಿಯ ಹುಡುಗರೆಲ್ಲ ಸೈಕಲ್ಲಿನ ಮೇಲೆ ಕೂತು ಬಾಯಲ್ಲಿ "ಬ್ರೂಂ, ಬ್ರೂಂ" ಎನ್ನುತ್ತ ಮಣ್ಣುಗುಡ್ಡೆ ಹತ್ತಿಳಿಯುತ್ತಿದ್ದರು. ಮೊದಲು ನಾನು ಇದೇನೋ ಕಾಯಿಲೆ ಎಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಇದಕ್ಕೊಂದು ಹೆಸರಿದೆ, ಬಿಎಂಎಕ್ಸ್. ಬೈಸಿಕಲ್ ಮೋಟೋಕ್ರಾಸ್. ಅಣ್ಣಂದಿರು ಮೋಟಾರ್‌ಸೈಕಲ್ಲಿನಲ್ಲಿ ಕೆಸರು ಹಾರಿಸುವುದನ್ನು ನೋಡಿ ಹೊಟ್ಟೆ ಉರಿದ ತಮ್ಮಂದಿರು ಕಟ್ಟಿದ ಆಟ ಅದು. 1969ರಲ್ಲಿ ವೆಸ್ಟ್ ಲಾಸ್ ಏಂಜಲಿಸ್‌ನ ಪಾಮ್ಸ್ ಪಾರ್ಕಿನಲ್ಲಿ ಹುಡುಗರು ರೇಸ್ ಬಿಡಬೇಕೆಂದು ಹಟ ಹಿಡಿದಾಗ, ಪಾರ್ಕ್ ನೋಡಿಕೊಳ್ಳುತ್ತಿದ್ದ ರಾನ್ ಮ್ಯಾಕ್ಲರ್ ಎಂಬ ಹುಡುಗನೇ ನಿಂತು ನಡೆಸಿಕೊಟ್ಟನಂತೆ. ಮರುವರ್ಷ ನವೆಂಬರಿನಲ್ಲಿ ಲಾಂಗ್ ಬೀಚಿನ ಖಾಲಿ ಜಾಗವೊಂದರಲ್ಲಿ ಸ್ಕಾಟ್ ಬ್ರೈಟ್‌ಹಾಪ್ಟ್ ಎಂಬ 13 ವರ್ಷದ ಪೋರ ತಲೆಗೆ 25 ಸೆಂಟು ವಸೂಲಿ ಮಾಡಿ ರೇಸ್ ಇಟ್ಟ. ಗೆದ್ದವರಿಗೆ ಕೊಡಲು ಬಹುಮಾನ? ತಾನೇ ಮೋಟಾರ್‌ಸೈಕಲ್ ಓಡಿಸಿ ಗೆದ್ದಿದ್ದ ಟ್ರೋಫಿಗಳನ್ನು ಮನೆಯಿಂದ ಹೊತ್ತು ತಂದು ಹಂಚಿಬಿಟ್ಟ. ನಾನು ಹಾಗೆ ಮಾಡಿದ್ದರೆ ಅಪ್ಪ ನನ್ನನ್ನೇ ಹಂಚಿಬಿಡುತ್ತಿದ್ದರು.

ಆಗೆಲ್ಲ ಸವಾರಿ ಶ್ವಿನ್ ಕಂಪನಿಯ ಸ್ಟಿಂಗ್-ರೇ ಸೈಕಲ್ಲಿನ ಮೇಲೆ. ಬಾಳೆಕಾಯಿಯಂಥ ಉದ್ದ ಸೀಟು, ಟಗರಿನ ಕೊಂಬಿನಂಥ ಹ್ಯಾಂಡಲ್, 20 ಇಂಚಿನ ಗಾಲಿ. ನೋಡಲು ಚೆಂದ, ಆದರೆ ಜಿಗಿಯಲು ಹುಟ್ಟಿದ್ದಲ್ಲ. ನಾಲ್ಕು ಸಲ ಜಿಗಿದರೆ ಮುಂದಿನ ಫೋರ್ಕು ಬೆನ್ನು ಹಿಡಿದ ಮುದುಕನ ಹಾಗೆ ಬಗ್ಗುತ್ತಿತ್ತು. ಮುರಿದ ಸೈಕಲ್ಲುಗಳ ಮುಂದೆ ಅಪ್ಪಂದಿರು ತಲೆ ಮೇಲೆ ಕೈ ಹೊತ್ತು ಕೂತದ್ದರಿಂದಲೇ ಒಂದು ಉದ್ಯಮ ಎದ್ದಿತು. ರೆಡ್‌ಲೈನ್‌ನವರು ಕ್ರೋಮೋಲಿ ಉಕ್ಕಿನ ಕೊಳವೆ ಬೆಸೆದು ಫೋರ್ಕು ಮಾಡಿದರು. ಸಿಮಿ ವ್ಯಾಲಿಯ ಸ್ಕಿಪ್ ಹೆಸ್ ಎಂಬಾತ ಕಡ್ಡಿಗಳೇ ಇಲ್ಲದ ಎರಕದ ಗಾಲಿ ಮಾಡಿ, ಆಮೇಲೆ ಇಡೀ ಸೈಕಲ್ಲನ್ನೇ ಮಾಡಿ, ಅದಕ್ಕೆ ಮಂಗೂಸ್ ಎಂದು ಹೆಸರಿಟ್ಟ.

ಮಂಗೂಸ್ ಸೈಕಲ್ ನನ್ನ ಬಾಲ್ಯದ ದೊಡ್ಡ ದುಃಖ. ಅಂಗಡಿಯ ಗಾಜಿನ ಹಿಂದೆ ಅದು ಹೊಳೆಯುತ್ತ ನಿಂತಿರುತ್ತಿತ್ತು. ಅಪ್ಪನ ಕೈ ಜಗ್ಗಿ ತೋರಿಸಿದೆ.

"ಅದರ ಹೆಸರೇನು?"

"ಮಂಗೂಸ್."

"ಮುಂಗುಸಿ!" ಅಪ್ಪನ ಮುಖ ಅರಳಿತು. "ನಮ್ಮ ಕಡೆಯ ಮಾತೇ ಕಣೋ ಇದು. ಇಂಗ್ಲಿಷಿನವರು ನಮ್ಮಿಂದ ಕದ್ದದ್ದು." ಹಾಗೆಂದವರು ಬೆಲೆಯ ಚೀಟಿ ನೋಡಿದರು. ತುಟಿ ಅಲುಗಿತು, ಒಂಬತ್ತರ ಮಗ್ಗಿ ಶುರುವಾಯಿತು. "ಮುಂಗುಸಿ ದರ್ಶನ ಆದರೆ ಶುಭ ಅಂತಾರೆ. ಆಯ್ತಲ್ಲ, ನಡಿ."

ಮುಂದಿನ ಭಾನುವಾರ ಯಾರದೋ ಮನೆಯ ಗರಾಜ್ ಸೇಲಿನಲ್ಲಿ ಹಳೇ ಸ್ಟಿಂಗ್-ರೇ ಒಂದು ಬಂತು. ಅದಕ್ಕೆ ಹ್ಯಾಂಡಲ್ಲಿನ ಬ್ರೇಕಿಲ್ಲ, ಪೆಡಲನ್ನು ಹಿಂದಕ್ಕೆ ತುಳಿದರೆ ನಿಲ್ಲುವ ಕೋಸ್ಟರ್ ಬ್ರೇಕು. ಈ ವಿಷಯ ನೆನಪಿಡಿ, ಮುಂದೆ ಬೇಕಾಗುತ್ತದೆ. ಅಮ್ಮ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಮುಂದಿನ ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟು, ಹ್ಯಾಂಡಲ್ಲಿಗೆ ಹೂವು ಮುಡಿಸಿದಳು. ಪಕ್ಕದ ಮನೆಯ ಹುಡುಗ ಬೇಲಿಯ ಮೇಲಿಂದ ಇಣುಕಿ, "ಸತ್ತು ಹೋಯ್ತಾ?" ಎಂದು ಕೇಳಿದ.

ಇನ್ನು ನಮ್ಮವನ ವಿಷಯ. ಅವನಿಗೆ ಆಗ ಹದಿನೆಂಟೋ ಹತ್ತೊಂಬತ್ತೋ. ನಮ್ಮಂಥ ಹನ್ನೊಂದರ ಹುಡುಗರಿಗೆ ಅದೇ ದೊಡ್ಡವರ ವಯಸ್ಸು. ಬಿಎಂಎಕ್ಸ್ ಆಕ್ಷನ್ ಎಂಬ ಪತ್ರಿಕೆ ಬೇರೆಲ್ಲೂ ಅಲ್ಲ, ನಮ್ಮ ಟಾರೆನ್ಸ್‌ನಿಂದಲೇ ಹೊರಡುತ್ತಿತ್ತು. ಅದರಲ್ಲಿ ಸ್ಟೂ ಥಾಮ್ಸನ್‌ರಂಥ ಘಟಾನುಘಟಿಗಳ ಜೊತೆ ಒಂದು ಪುಟದಲ್ಲಿ ನಮ್ಮವನ ಫೋಟೋ ಬಂದಿತ್ತು. ಗಾಲಿ ಎರಡೂ ಗಾಳಿಯಲ್ಲಿ, ಮೊಣಕೈ ಎರಡೂ ರೆಕ್ಕೆಯಂತೆ ಹೊರಕ್ಕೆ. ಅದನ್ನು ಕತ್ತರಿಸಿ ನನ್ನ ಬೀರುವಿನ ಬಾಗಿಲ ಒಳಗೆ ಅಂಟಿಸಿದ್ದೆ. ಅಲ್ಲಿ ಮೊದಲೇ ಅಮ್ಮ ಅಂಟಿಸಿದ್ದ ರಾಘವೇಂದ್ರ ಸ್ವಾಮಿಗಳ ಪಟವಿತ್ತು. ಅಮ್ಮ ಸಂಜೆ ಊದಿನಕಡ್ಡಿ ಹಿಡಿದು ಬಂದರೆ ಆ ಬಾಗಿಲಿಗೂ ಒಂದು ಸುತ್ತು ಬೆಳಗುತ್ತಿದ್ದಳು. ಎರಡು ವರ್ಷ ನಮ್ಮವನಿಗೆ ದಿನಾ ಪೂಜೆಯಾಗಿದೆ. ಅದು ಅವನಿಗೆ ಇವತ್ತಿಗೂ ಗೊತ್ತಿಲ್ಲ.

1977ರ ಬೇಸಿಗೆ. ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷದಿಂದ ಭಾರೀ ಬರಗಾಲ. ನಮ್ಮ ಮನೆಯಿಂದ ಅರ್ಧ ಗಂಟೆ ದೂರದ ಒಂದು ಟ್ರ್ಯಾಕಿನಲ್ಲಿ ಶನಿವಾರ ರೇಸು, ನಮ್ಮವನೂ ಬರುತ್ತಾನೆ ಎಂದು ಸುದ್ದಿ. ಒಂದು ವಾರ ಸತ್ಯಾಗ್ರಹ ಮಾಡಿ ಅಪ್ಪನನ್ನು ಒಪ್ಪಿಸಿದೆ. ಪ್ರವೇಶ ಶುಲ್ಕ ಮೂರು ಡಾಲರು.

"ಇಪ್ಪತ್ತೇಳು ರೂಪಾಯಿ!" ಅಪ್ಪ ಹೌಹಾರಿದರು. "ಬೀಳೋದಕ್ಕೆ ದುಡ್ಡು ಕೊಡಬೇಕೇನೋ? ಬೀದಿಯಲ್ಲಿ ಪುಕ್ಕಟೆ ಬೀಳಬಹುದಲ್ಲ."

ರೇಸಿಗೆ ನಿಯಮಗಳಿದ್ದವು. ಸ್ಟ್ಯಾಂಡು, ಚೈನ್‌ಗಾರ್ಡು ಬಿಚ್ಚಬೇಕು. ಹ್ಯಾಂಡಲ್ಲಿನ ಅಡ್ಡಪಟ್ಟಿಗೆ, ಮೇಲಿನ ಕೊಳವೆಗೆ, ಬಿದ್ದರೆ ಪೆಟ್ಟಾಗದ ಹಾಗೆ ಪ್ಯಾಡು ಕಟ್ಟಬೇಕು. ಉದ್ದ ತೋಳು, ಉದ್ದ ಪ್ಯಾಂಟು, ಹೆಲ್ಮೆಟ್ಟು, ಮುಂದುಗಡೆ ನಂಬರ್ ಪ್ಲೇಟು. ಬಿಚ್ಚುವ ಕೆಲಸ ಅಪ್ಪನಿಗೆ ಸಂಕಟ ತಂದಿತು. ದುಡ್ಡು ಕೊಟ್ಟು ತಂದದ್ದನ್ನು ಬಿಚ್ಚಿ ಎಸೆಯುವುದೇ? ಒಂದೊಂದು ನಟ್ಟನ್ನೂ ಹಳೇ ಹಾರ್ಲಿಕ್ಸ್ ಬಾಟಲಿಗೆ ತುಂಬಿಸಿ ಚೀಟಿ ಅಂಟಿಸಿದರು. ಬಿಚ್ಚುವ ಭರದಲ್ಲಿ ಹಿಂದಿನ ಗಾಲಿಯನ್ನೂ ಬಿಚ್ಚಿ, ಮತ್ತೆ ಕೂರಿಸುವಾಗ ಚೈನು ಅರ್ಧ ಇಂಚು ಸಡಿಲ ಉಳಿಯಿತು. ವಿಮಾನದ ಬಿಡಿಭಾಗ ಮಾಡುವವರು, ನಾನು ಮಾತಾಡಲಿಲ್ಲ.

ಪ್ಯಾಡು ಅಮ್ಮ ಹೊಲಿದಳು. ಊರಿನಿಂದ ಹೊದ್ದುಕೊಳ್ಳಲು ತಂದಿದ್ದ ಹಳೇ ಕೌದಿಯ ತುಂಡು, ಮೇಲೆ ಉಟ್ಟು ಹರಿದ ರೇಷ್ಮೆ ಸೀರೆಯ ಅಂಚು. ಉಳಿದವರ ಸೈಕಲ್ಲಿಗೆ ಕಪ್ಪು ಪ್ಲಾಸ್ಟಿಕ್ ಪ್ಯಾಡು, ನನ್ನದಕ್ಕೆ ಜರತಾರಿ. ಹೆಲ್ಮೆಟ್ಟು ಪಕ್ಕದ ಮನೆಯ ಅಣ್ಣನ ಮೋಟಾರ್‌ಸೈಕಲ್ಲಿನದು. ತಲೆ ತಿರುಗಿಸಿದರೆ ತಲೆ ತಿರುಗುತ್ತಿತ್ತು, ಹೆಲ್ಮೆಟ್ಟು ಇದ್ದಲ್ಲೇ ಇರುತ್ತಿತ್ತು.

ಉಳಿದದ್ದು ನಂಬರ್ ಪ್ಲೇಟು. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ಕಿನದಕ್ಕೆ ಮತ್ತೆ ಒಂಬತ್ತರ ಮಗ್ಗಿ ಕೇಳುವ ಶಕ್ತಿ ನನಗಿರಲಿಲ್ಲ. ಶುಕ್ರವಾರ ರಾತ್ರಿ ಅಡುಗೆಮನೆಗೆ ಹೋದೆ. ಪ್ಲೇಟು ಬೇಕು, ಅಲ್ಲಿ ಸಾಲಾಗಿ ಪ್ಲೇಟುಗಳೇ ನಿಂತಿದ್ದವು. ಒಂದು ಅಂಚಿನ ಸ್ಟೀಲ್ ತಟ್ಟೆ ಎತ್ತಿಕೊಂಡೆ. ತಟ್ಟೆಯ ಬೆನ್ನ ಮೇಲೆ ಕರೆಂಟಿನ ಕಪ್ಪು ಟೇಪು ಕತ್ತರಿಸಿ 47 ಎಂದು ಅಂಟಿಸಿ, ಅಪ್ಪನ ಪೈಜಾಮದ ಲಾಡಿಯಿಂದ ಹ್ಯಾಂಡಲ್ಲಿಗೆ ಬಿಗಿದೆ. ಬೆನ್ನ ಮೇಲೆ, 47ರ ಕೆಳಗೆ, ಚುಕ್ಕೆಚುಕ್ಕೆಯಾಗಿ ಕೊರೆದ ಅಕ್ಷರಗಳಿದ್ದವು. ನಮ್ಮ ಪಾತ್ರೆಗಳ ಮೇಲೆ ಕೊಟ್ಟವರ ಹೆಸರು ಕೊರೆಸುತ್ತಾರಲ್ಲ, ಹಾಗೆ. "ಅರಕಲಗೂಡು ದೊಡ್ಡಮ್ಮನವರಿಂದ, ಮದುವೆ ಉಡುಗೊರೆ." ಅಮ್ಮನ ಮದುವೆಯದು. ಯಾರು ಓದುತ್ತಾರೆ ಎಂದು ಬಿಟ್ಟೆ.

ಟ್ರ್ಯಾಕು ನೋಡಿ ನನ್ನ ಕಾಲು ನಡುಗಿತು. ಮೇಲೆ ದಿಬ್ಬ, ಅದರ ತುದಿಯಲ್ಲಿ ಎಂಟು ಜನ ಸಾಲಾಗಿ ನಿಲ್ಲುವ ಮರದ ಗೇಟು. ಗೇಟು ಮುಂದಕ್ಕೆ ಬಿದ್ದರೆ ಇಳಿಜಾರು, ಉಬ್ಬು, ಮತ್ತೊಂದು ಉಬ್ಬು, ಆಮೇಲೆ ಬರ್ಮ್ ಎಂಬ ಓರೆಗೋಡೆಯ ತಿರುವು. ಟ್ಯಾಂಕರಿನಲ್ಲಿ ನೀರು ಹೊಡೆದರೂ ಧೂಳು ಕೆಂಪಗೆ ಏಳುತ್ತಿತ್ತು. ಅಮ್ಮ ಮೆಟ್ಟಿಲಿನ ಮೇಲೆ ಸೀರೆ ಸೆರಗು ತಲೆಗೆ ಹೊದ್ದು ಕೂತಳು. ಪಕ್ಕದಲ್ಲಿ ಟಿಫನ್ ಕ್ಯಾರಿಯರ್, ನೀರಿನ ಫ್ಲಾಸ್ಕು, ಛತ್ರಿ. ಅವಳ ಪ್ರಕಾರ ಮನೆಯಿಂದ ಹೊರಗೆ ಅರ್ಧ ದಿನ ಕಳೆಯುವುದು ಯಾವುದಿದ್ದರೂ ಅದು ಜಾತ್ರೆ.

ಮತ್ತು ಅಲ್ಲಿ, ತಿರುವಿನ ಆಚೆ, ಒಂದು ವ್ಯಾನಿನ ಹಿಂಬಾಗಿಲು ತೆರೆದು ಕಾಲು ಇಳಿಬಿಟ್ಟು ನಮ್ಮವನು ಕೂತಿದ್ದ. ತೊಡೆಯ ಮೇಲೆ ಕಾಗದ ಹಾಸಿ ಬರ್ಗರ್ ಇಟ್ಟುಕೊಂಡಿದ್ದ. ಪಕ್ಕದಲ್ಲಿ ಕೋಕಿನ ಲೋಟ. ಬೀರುವಿನ ಬಾಗಿಲಲ್ಲಿದ್ದವನು ಬರ್ಗರ್ ತಿನ್ನುತ್ತಾನೆ! ಅವನ ಕೆನ್ನೆಯ ಮೇಲೆ ಮೊಡವೆಗಳಿದ್ದವು. ಪತ್ರಿಕೆಯಲ್ಲಿ ಕಂಡಿರಲಿಲ್ಲ.

ಅಭ್ಯಾಸದ ಸುತ್ತು ಶುರುವಾಯಿತು. ಇಳಿಜಾರಿನಲ್ಲಿ ಬಿಟ್ಟೆ ನೋಡಿ, ಗಾಳಿ ಹೆಲ್ಮೆಟ್ಟಿನೊಳಗೆ ಶಂಖ ಊದಿತು. ಮೊದಲ ಉಬ್ಬು ದಾಟಿದೆ. ಎರಡನೆಯದು ನನ್ನನ್ನು ದಾಟಿಸಿತು. ಇಳಿದ ಪೆಟ್ಟಿಗೆ ಕೆಳಗೆಲ್ಲೋ "ಕಟಕ್" ಎಂದಿತು. ತಿರುವು ಬಂತು, ಬ್ರೇಕಿಗೆಂದು ಪೆಡಲನ್ನು ಹಿಂದಕ್ಕೆ ತುಳಿದೆ. ಪೆಡಲು ಹಿಂದಕ್ಕೆ ತಿರುಗಿತು. ಇನ್ನೊಂದು ಸುತ್ತು ತಿರುಗಿತು. ಹಾಯಾಗಿ, ರಾಟೆಯ ಹಾಗೆ ತಿರುಗುತ್ತಲೇ ಹೋಯಿತು. ಕೋಸ್ಟರ್ ಬ್ರೇಕಿನ ಜೀವವೇ ಚೈನಿನಲ್ಲಿ. ಚೈನು ಕಳಚಿದರೆ ಬ್ರೇಕೂ ಕಳಚಿದ ಹಾಗೆಯೇ. ಅಪ್ಪನ ಅರ್ಧ ಇಂಚು ಆಗ ನೆನಪಾಯಿತು. ಕಾಲು ಊರೋಣ ಎಂದರೆ, ಬೆಳೆಯುವ ಮಗು ಎಂದು ಅಮ್ಮ ಎರಡು ಸೈಜು ದೊಡ್ಡ ಶೂ ತಂದಿದ್ದಳು. ಶೂ ನೆಲದಲ್ಲಿ ಉಳಿಯಿತು, ಕಾಲು ನನ್ನ ಜೊತೆ ಬಂತು.

ಬರ್ಮಿನ ಗೋಡೆ ಹತ್ತಿ ಆಚೆ ಇಳಿದೆ. ಟ್ರ್ಯಾಕಿನ ಸುತ್ತ ಕಟ್ಟಿದ್ದ ಬಣ್ಣಬಣ್ಣದ ಪ್ಲಾಸ್ಟಿಕ್ ಬಾವುಟದ ಸರ ಕೊರಳಿಗೆ ಬಿತ್ತು. ಎಲ್ಲೋ ಗೂಟ ಕಿತ್ತ ಸದ್ದು. ಹೀಗೆ ಹಾರ ಹಾಕಿಕೊಂಡು, ತೇರಿನಂತೆ, ಒಂದೇ ಶೂವಿನಲ್ಲಿ, ನೇರವಾಗಿ ನನ್ನ ಆರಾಧ್ಯದೈವದ ಸನ್ನಿಧಿಗೆ ಹೋದೆ. ಅವನು ಜಾಣ, ಕಾಲು ಮೇಲೆತ್ತಿಕೊಂಡ. ಬರ್ಗರ್ ಜಾಣತನ ತೋರಲಿಲ್ಲ.

ಢಬ್ ಎಂದು ಬಿದ್ದಾಗ ಪೈಜಾಮದ ಲಾಡಿ ಕಿತ್ತುಹೋಯಿತು. ತಟ್ಟೆ ಹೊರಕ್ಕೆ ಹಾರಿ, ಅಂಚಿನ ಮೇಲೆ ನಿಂತು, ವ್ಯಾನುಗಳು ನಿಂತಿದ್ದ ಸಿಮೆಂಟ್ ನೆಲದ ಮೇಲೆ ಉರುಳುತ್ತ ಉರುಳುತ್ತ ಹೋಗಿ ಸುತ್ತತೊಡಗಿತು. ಟಣ್. ಟಣಟಣ. ಟಣಟಣಟಣರ್ರ್ರ್ರ್ರ್ರ್. ಸ್ಟೀಲ್ ತಟ್ಟೆ ನೆಲಕ್ಕೆ ಬಿದ್ದು ನಿದ್ದೆಗೆ ಜಾರುವಾಗ ಮಾಡುವ ಆ ಸದ್ದು ಕೇಳದೆ ಬೆಳೆದ ಕನ್ನಡದ ಮಗುವಿಲ್ಲ. ಆ ಸದ್ದಿನ ಹಿಂದೆಯೇ ಒಳಗಿನಿಂದ ಇನ್ನೊಂದು ಸದ್ದು ಬರಬೇಕು, ಅದು ವಿಧಿ. ಬಂತು. ಇನ್ನೂರು ಅಡಿ ದೂರದ ಮೆಟ್ಟಿಲ ಸಾಲಿನಿಂದ, ಮೈಕಿನವನ ಧ್ವನಿಯನ್ನೂ ಸೀಳಿಕೊಂಡು:

"ಏನೋ ಅದು ಬೀಳಿಸಿದ್ದು?"

ಅಮ್ಮನಿಗೆ ಅದುವರೆಗೆ ತಟ್ಟೆಯ ವಿಷಯ ಗೊತ್ತಿರಲಿಲ್ಲ. ಸದ್ದಿನಿಂದಲೇ ತನ್ನ ತಟ್ಟೆ ಎಂದು ಗುರುತು ಹಿಡಿದಳು.

ಅವಳು ಬರುವುದರೊಳಗೆ ನಮ್ಮವನು ನನ್ನನ್ನು ಎತ್ತಿ ಕೂರಿಸಿ, ಕೊರಳಿನ ಬಾವುಟ ಬಿಡಿಸಿ, ಹಿಂದುಮುಂದಾಗಿದ್ದ ಹೆಲ್ಮೆಟ್ಟನ್ನು ತಿರುಗಿಸಿ ನನ್ನ ಮುಖ ಹುಡುಕಿದ್ದ. ಮಂಡಿ ತರಚಿತ್ತು, ಅಷ್ಟೇ. ಆಮೇಲೆ ಹೋಗಿ ತಟ್ಟೆ ಎತ್ತಿಕೊಂಡು ಬಂದ. ಬೆರಳಿನಿಂದ ಕುಟ್ಟಿದ. ಟಣ್. ಹಿಂದೆ ತಿರುಗಿಸಿದ, ಮುಂದೆ ತಿರುಗಿಸಿದ. ಚುಕ್ಕೆಯ ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸಿದ.

"ಇದೇನು, ನಿನ್ನ ಸ್ಪಾನ್ಸರಾ?"

ಆ ಪ್ರಶ್ನೆಯ ತೂಕ ನಿಮಗೆ ಗೊತ್ತಾಗಬೇಕು. ಆ ಕಾಲದ ಬಿಎಂಎಕ್ಸ್ ಹುಡುಗನಿಗೆ ಸ್ಪಾನ್ಸರ್ ಎಂದರೆ ಮೋಕ್ಷ. ಕಂಪನಿ ಸೈಕಲ್ಲು ಕೊಡುತ್ತದೆ, ಅಂಗಿ ಕೊಡುತ್ತದೆ, ಅಂಗಿಯ ಮೇಲೆ ಹೆಸರು. ಹೀರೋ ಬಾಯಿಂದಲೇ ಆ ಮಾತು ಬಂದಾಗ ಅಲ್ಲ ಎನ್ನಲು ನಾಲಗೆ ಏಳಲಿಲ್ಲ.

"ಹೌದು," ಎಂದೆ.

"ಯಾವ ಕಂಪನಿ?"

"ಅರಕಲಗೂಡು."

"ಅರಾಕಾಲಾಗೂಡೂ." ಅವನು ಬಾಯಲ್ಲಿಟ್ಟು ಚಪ್ಪರಿಸಿದ. "ಇಟಾಲಿಯನ್?"

ಸೈಕಲ್ಲಿನವರಿಗೆ ಕಾಂಪನ್ಯೋಲೋ ಮುಂತಾದ ಇಟಲಿಯ ಹೆಸರೆಂದರೆ ಭಾರೀ ಗೌರವ. ನಾನು ತಲೆ ಅಲ್ಲಾಡಿಸಿದೆ. ಕನ್ನಡದ ಅಲ್ಲಾಡಿಸುವಿಕೆ, ಅತ್ತಲೂ ಇತ್ತಲೂ. ಅವನು ಹೌದೆಂದು ತೆಗೆದುಕೊಂಡ.

"ಫ್ರೇಮು ಕೊಡ್ತಾರಾ?"

"ಇಲ್ಲ. ಪ್ಲೇಟು ಕೊಟ್ಟಿದ್ದಾರೆ."

ಇದು ಮಾತ್ರ ಪರಮ ಸತ್ಯ.

ಅಷ್ಟರಲ್ಲಿ ಅಮ್ಮ ಬಂದಳು, ಹಿಂದೆ ಅಪ್ಪ ನನ್ನ ಶೂ ಹಿಡಿದುಕೊಂಡು. ಅಮ್ಮ ಮೊದಲು ತಟ್ಟೆ ಕಿತ್ತುಕೊಂಡು ನೆಗ್ಗಿದೆಯಾ ಎಂದು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಆಮೇಲೆ ಧೂಳಿನಲ್ಲಿ ಬಿದ್ದಿದ್ದ ಬರ್ಗರ್ ನೋಡಿದಳು. ಮುಖ ಕಪ್ಪಿಟ್ಟಿತು.

"ಹಸಿದು ಕೂತವನ ಬಾಯಿಂದ ಕಿತ್ತು ಕೆಡವಿದ್ಯಲ್ಲೋ ಪಾಪಿ!"

ನಮ್ಮವನು ಪರವಾಗಿಲ್ಲ ಎಂದು ಕೈ ಆಡಿಸುತ್ತಿದ್ದ. ಅದೆಲ್ಲ ಅಮ್ಮನಿಗೆ ಕೇಳಿಸುವ ಮಾತಲ್ಲ. ಫ್ಲಾಸ್ಕಿನ ನೀರು ಹೊಯ್ದು ತಟ್ಟೆ ತೊಳೆದು, ಸೆರಗಿನಲ್ಲಿ ಒರೆಸಿ, ವ್ಯಾನಿನ ಹಿಂಬಾಗಿಲಲ್ಲೇ ಅವನನ್ನು ಕೂರಿಸಿ ಕೈಗೆ ಕೊಟ್ಟಳು. ಟಿಫನ್ ಕ್ಯಾರಿಯರ್ ಬಿಚ್ಚಿದಳು. ಮೇಲಿನ ಡಬ್ಬಿಯಲ್ಲಿ ಚಿತ್ರಾನ್ನ, ಕೆಳಗಿನದರಲ್ಲಿ ಮೊಸರನ್ನ, ಕಾಗದದ ಪೊಟ್ಟಣದಲ್ಲಿ ನಾಲ್ಕು ಕರಿದ ಬಾಳಕದ ಮೆಣಸಿನಕಾಯಿ. "ಈಟ್. ನೋ ಎಗ್, ನೋ ಮೀಟ್," ಎಂದು ಅಭಯ ಕೊಟ್ಟಳು.

ಚಮಚೆ ಇರಲಿಲ್ಲ. ಕೈ ಇದೆಯಲ್ಲ ಎಂದು ಅಮ್ಮ ತೋರಿಸಿಕೊಟ್ಟಳು. ಅವನು ತಿಂದ. ನಿಜವಾಗಿಯೂ ತಿಂದ. ಕಡಲೆಬೇಳೆ ಸಿಕ್ಕಾಗ ಒಂದು ಕ್ಷಣ ಹಲ್ಲು ಮುರಿಯಿತೇನೋ ಎಂಬಂತೆ ನಿಂತು, ಅಲ್ಲವೆಂದು ತಿಳಿದು, ಮತ್ತೆ ತಿಂದ. "ಗುಡ್, ಗುಡ್," ಎಂದು ಸಾಕೆನ್ನುವಂತೆ ಕೈ ಅಡ್ಡ ಹಿಡಿದ. ಗುಡ್ ಎಂದ ಮೇಲೆ ಅಮ್ಮ ಬಿಡುತ್ತಾಳೆಯೇ? ಕೈಯ ಸಂದಿನಿಂದಲೇ ಇನ್ನೊಂದು ಸೌಟು ಬಿತ್ತು. ತಟ್ಟೆಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದಿದ್ದರಿಂದ ಎದುರಿಗೆ ಹಾದು ಹೋಗುವವರಿಗೆಲ್ಲ ಅದರ ಬೆನ್ನಿನ ಮೇಲಿನ 47 ಕಾಣುತ್ತಿತ್ತು. ದಕ್ಷಿಣ ಕ್ಯಾಲಿಫೋರ್ನಿಯಾದ ಅತಿವೇಗದ ಸವಾರರಲ್ಲಿ ಒಬ್ಬ ನನ್ನ ನಂಬರು ಹಿಡಿದುಕೊಂಡು ಕೂತಿದ್ದ. ಅಪ್ಪ ಕ್ಯಾಮೆರಾ ತಂದಿದ್ದರು. ಫಿಲ್ಮು ದುಬಾರಿ ಎಂದು ತೆಗೆಯಲಿಲ್ಲ.

ಆಮೇಲೆ ಅವನು ಬಾಳಕದ ಮೆಣಸಿನಕಾಯಿ ಎತ್ತಿಕೊಂಡ. ಕಂದುಬಣ್ಣ, ಒಣಕಲು, ಗರಿಗರಿ. ಒಣಗಿಸಿದ ಮಾಂಸದ ತುಂಡು ಅಗಿಯುವುದು ಅಲ್ಲಿಯ ಹುಡುಗರ ಅಭ್ಯಾಸ. ಅದೇ ಇರಬೇಕೆಂದುಕೊಂಡನೋ ಏನೋ, "ಜರ್ಕಿ?" ಎಂದು ನನ್ನ ಕಡೆ ಹುಬ್ಬು ಹಾರಿಸಿದ. ನಾನು ಮತ್ತೆ ಕನ್ನಡದಲ್ಲಿ ತಲೆ ಅಲ್ಲಾಡಿಸಿದೆ. ಇಡೀದಾಗಿ, ತೊಟ್ಟಿನ ಸಮೇತ, ಬಾಯಿಗೆ ಹಾಕಿಕೊಂಡ.

ಆ ಮೆಣಸಿನಕಾಯಿಯ ಕುಲಗೋತ್ರ ಹೇಳಬೇಕು. ಅದು ಅಂಗಡಿಯದಲ್ಲ. ಮಜ್ಜಿಗೆಯಲ್ಲಿ ಉಪ್ಪು ಹಾಕಿ ನೆನೆಸಿ, ದಿನಾ ಬಿಸಿಲಿಗೆ ಹರವಿ, ರಾತ್ರಿ ಮತ್ತೆ ಮಜ್ಜಿಗೆಗೆ ಹಾಕಿ, ಹೀಗೆ ವಾರಗಟ್ಟಲೆ ತಪಸ್ಸು ಮಾಡಿಸಿ, ಡಬ್ಬಿಗೆ ತುಂಬಿ, ಬಟ್ಟೆ ಹೊಲಿದು ಪಾರ್ಸೆಲ್ ಮಾಡಿ ಕಳಿಸಿದವರು ಬೇರೆ ಯಾರೂ ಅಲ್ಲ, ಅರಕಲಗೂಡು ದೊಡ್ಡಮ್ಮ. ತಟ್ಟೆಯೂ ಅವರದೇ, ತಟ್ಟೆಯಲ್ಲಿದ್ದದ್ದೂ ಅವರದೇ. ಹಾಗೆ ನೋಡಿದರೆ ನಾನು ಹೇಳಿದ್ದು ಸುಳ್ಳೇನಲ್ಲ.

ನಾಲ್ಕು ಸೆಕೆಂಡು ಏನೂ ಆಗಲಿಲ್ಲ. ಐದನೆಯದಕ್ಕೆ ಮೊಡವೆಗಳೆಲ್ಲ ಒಟ್ಟಿಗೆ ಕೆಂಪಾದವು. ಕಣ್ಣಲ್ಲಿ ನೀರು. ಕೋಕಿಗಾಗಿ ಕೈ ಚಾಚಿದ, ಕೋಕನ್ನು ನಾನು ಆಗಲೇ ಭೂಮಿತಾಯಿಗೆ ಅರ್ಪಿಸಿದ್ದೆ. ಅಮ್ಮ ಗಾಬರಿಯಾಗದೆ, ಇದೆಲ್ಲ ನೋಡಿದ್ದೇನೆ ಎಂಬ ಹಾಗೆ, ಮೊಸರನ್ನದ ಡಬ್ಬಿಯನ್ನು ಪೂರ್ತಿ ಅವನ ತಟ್ಟೆಗೆ ಬಗ್ಗಿಸಿದಳು. ಅವನು ಉಸಿರು ಬಿಡದೆ ಅದನ್ನು ಮುಗಿಸಿದ. ತಟ್ಟೆಯಲ್ಲಿ ಒಂದು ಅಗುಳು ಉಳಿಯಲಿಲ್ಲ. ಅಮ್ಮ ಅಪ್ಪನ ಕಡೆ ತಿರುಗಿ, "ಪಾಪ, ಹುಡುಗ ಎಷ್ಟು ಹಸಿದಿದ್ದ ನೋಡಿ," ಎಂದಳು.

ನನ್ನ ರೇಸಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ಟೀಲ್ ತಟ್ಟೆ ಕಟ್ಟಿಕೊಂಡು ಇಳಿಯುವಂತಿಲ್ಲ ಎಂದು ತಪಾಸಣೆಯವರು ಹೇಳಿದ್ದರಿಂದ ಊಟದ ಕಾಗದದ ತಟ್ಟೆಯ ಮೇಲೆ 47 ಬರೆದುಕೊಂಡು ಇಳಿದೆ. ಏಳು ಜನರಲ್ಲಿ ಏಳನೆಯವನು. ಆರನೆಯವನು ಬಿದ್ದು ಸೈಕಲ್ ತಳ್ಳಿಕೊಂಡು ಹೋಗಿದ್ದ.

ಮಧ್ಯಾಹ್ನದ ಕೊನೆಗೆ ದೊಡ್ಡವರ ಫೈನಲ್. ನಮ್ಮವನು ಗೇಟಿನ ಒಳಗಡೆಯ ಲೇನಿನಲ್ಲಿ ನಿಂತ. ಮುಂದಿನ ಗಾಲಿ ಗೇಟಿಗೆ ಒತ್ತಿ, ಎರಡೂ ಪೆಡಲಿನ ಮೇಲೆ ಎದ್ದು, ಅಲ್ಲಾಡದೆ, ಬೀರುವಿನ ಬಾಗಿಲಿನ ಚಿತ್ರದಂತೆ. "ರೈಡರ್ಸ್ ರೆಡಿ," ಎಂದಿತು ಮೈಕು. ಇಡೀ ಮೈದಾನ ನಿಶ್ಶಬ್ದ. "ಪೆಡಲ್ಸ್ ರೆಡಿ..."

"ಹಿಕ್."

ಬಿಕ್ಕಳಿಕೆ. ದಿಬ್ಬದ ಮೇಲಿಂದ ಮೆಟ್ಟಿಲಿನವರೆಗೂ ಕೇಳಿಸಿತು. ಭುಜ ಹಾರಿತು, ಸೈಕಲ್ಲು ಓಲಾಡಿತು, ಒಂದು ಕಾಲು ನೆಲಕ್ಕೆ ಬಂತು. ಅದೇ ಕ್ಷಣ ಗೇಟು ಬಿತ್ತು. ಏಳು ಜನ ಹೋದರು, ನಮ್ಮವನು ಇದ್ದಲ್ಲೇ ಇದ್ದ.

"ಯಾರೋ ನೆನೆಸಿಕೊಳ್ತಿದ್ದಾರೆ," ಎಂದಳು ಅಮ್ಮ.

ಯಾರು ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ.

ಅವನು ಆಮೇಲೆ ಓಡಿಸಿದ್ದನ್ನು ನಾನು ಜನ್ಮದಲ್ಲಿ ಮರೆಯುವುದಿಲ್ಲ. ಮೊದಲ ತಿರುವಿನಲ್ಲಿ ಗೋಡೆಯ ಮೇಲ್ತುದಿ ಹಿಡಿದು ಇಬ್ಬರನ್ನು ದಾಟಿದ. ಉಬ್ಬುಗಳ ಮೇಲೆ ಉಳಿದವರು ಹಾರುತ್ತಿದ್ದರೆ ಅವನು ಹಾರಲೇ ಇಲ್ಲ. ಗಾಲಿಯನ್ನು ನೆಲಕ್ಕೆ ಅಂಟಿಸಿಕೊಂಡು, ಮಂಡಿಯಲ್ಲಿ ಉಬ್ಬನ್ನು ನುಂಗುತ್ತ ಹೋದ. ಗಾಳಿಯಲ್ಲಿದ್ದಾಗ ಪೆಡಲು ತುಳಿದರೆ ಏನುಪಯೋಗ? ಅದು ನನಗೆ ಹೊಳೆದದ್ದು ಆವತ್ತು. ಪತ್ರಿಕೆಯ ಫೋಟೋದಲ್ಲಿ ಹಾರುವುದೇ ಚೆಂದ, ಗೆಲ್ಲುವುದಕ್ಕೆ ನೆಲವೇ ಬೇಕು. ಕೊನೆಯ ನೇರದಲ್ಲಿ ಇನ್ನೂ ಮೂವರನ್ನು ದಾಟಿ ಮೂರನೆಯವನಾಗಿ ಗೆರೆ ಮುಟ್ಟಿದ. ಹೆಲ್ಮೆಟ್ಟು ತೆಗೆದಾಗಲೂ ಬಿಕ್ಕಳಿಸುತ್ತಿದ್ದ. ಆ ರಾತ್ರಿ ಬೀರುವಿನ ಬಾಗಿಲು ತೆರೆಯಲು ನನಗೆ ಮುಖವಿರಲಿಲ್ಲ.

1980ರಲ್ಲಿ ಮೈಸೂರಿಗೆ ವಾಪಸ್ಸಾದೆವು. ಸ್ಟಿಂಗ್-ರೇಯೂ ಹಡಗಿನಲ್ಲಿ ಬಂತು, ಹಾರ್ಲಿಕ್ಸ್ ಬಾಟಲಿಯ ನಟ್ಟುಗಳೂ ಬಂದವು. ನಮ್ಮ ಬೀದಿಯ ಸೈಕಲ್ ಶಾಪಿನವನು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಸ್ಟ್ಯಾಂಡಿಲ್ಲ, ಕ್ಯಾರಿಯರ್ ಇಲ್ಲ, ಬೆಲ್ಲಿಲ್ಲ, ಬ್ರೇಕಿಲ್ಲ. ಪೂರ್ತಿ ದುಡ್ಡು ಕೊಟ್ರಾ?" ಎಂದ. ಅಪ್ಪ ಒಳಗೆ ಹೋಗಿ ಬಾಟಲಿ ತಂದು ಅವನ ಮುಂದಿಟ್ಟರು. ಏಳು ವರ್ಷದಲ್ಲಿ ಅಪ್ಪ ಅಷ್ಟು ಸಂತೋಷವಾಗಿದ್ದದ್ದನ್ನು ನಾನು ನೋಡಿರಲಿಲ್ಲ.

ಬಿಎಂಎಕ್ಸ್ 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್‌ವರೆಗೂ ಹೋಯಿತು. ಲಾಟ್ವಿಯಾದ ಮಾರಿಸ್ ಸ್ಟ್ರೋಂಬೆರ್ಗ್ಸ್ ಚಿನ್ನ ಗೆದ್ದದ್ದನ್ನು ಟೀವಿಯಲ್ಲಿ ನೋಡುತ್ತ, ಪಾರ್ಕಿನ ಮಣ್ಣಿನಲ್ಲಿ ಹುಟ್ಟಿದ ಆಟ ಇದು ಎಂದು ಮನೆಯವರಿಗೆ ಹೇಳಹೊರಟೆ. "ಪುಟ್ಟ ಸೈಕಲ್ ಮೇಲೆ ಅಷ್ಟು ದೊಡ್ಡ ಗಂಡಸರು, ಮಂಡಿ ನೋಯಲ್ವಾ?" ಎಂದು ಕೇಳಿ ಹೆಂಡತಿ ಚಾನೆಲ್ ಬದಲಿಸಿದಳು.

2018ರಲ್ಲಿ ಮಗಳ ಮನೆಗೆಂದು ಮತ್ತೆ ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದೆ. ಒಂದು ಶನಿವಾರ ಹಳೇ ಬಿಎಂಎಕ್ಸ್ ಸೈಕಲ್ಲಿನವರ ಕೂಟವಿದೆ ಎಂದು ಅಳಿಯ ಕರೆದುಕೊಂಡು ಹೋದ. ಪಾರ್ಕಿಂಗ್ ಜಾಗದ ತುಂಬ ನೆರೆತ ಗಡ್ಡ, ಬೊಜ್ಜು ಹೊಟ್ಟೆ, ಅವರ ಮುಂದೆ ಮಕ್ಕಳ ಹಾಗೆ ತಿಕ್ಕಿ ತೊಳೆದು ನಿಲ್ಲಿಸಿದ ಪುಟ್ಟ ಸೈಕಲ್ಲುಗಳು. ನಾನು ಗಾಜಿನ ಹಿಂದೆ ಕಂಡಿದ್ದ ಮುಂಗುಸಿಯೂ ಅಲ್ಲಿತ್ತು. ಬೆಲೆ ಕೇಳಿದೆ. ನನಗೆ ತಿಳಿಯದಂತೆಯೇ ತುಟಿ ಅಲುಗಿತು, ಈಗ ಎಪ್ಪತ್ತರ ಮಗ್ಗಿ.

ಒಂದು ಕಡೆ ಜನ ಗುಂಪುಗಟ್ಟಿದ್ದರು. ಮಧ್ಯದಲ್ಲಿ ಮಡಚುವ ಕುರ್ಚಿಯ ಮೇಲೆ ನಮ್ಮವನು. ಕೂದಲು ಹೋಗಿತ್ತು, ಮೊಡವೆಯೂ ಹೋಗಿತ್ತು. ಮೊಣಕೈ ಮಾತ್ರ ಅದೇ ರೀತಿ ಹೊರಕ್ಕೆ. ನಲವತ್ತೊಂದು ವರ್ಷದಿಂದ ಸಿದ್ಧಮಾಡಿಕೊಂಡ ಕ್ಷಮಾಪಣೆ ಗಂಟಲಲ್ಲಿಟ್ಟುಕೊಂಡು ಹತ್ತಿರ ಹೋದೆ. ಅವನು ಕಥೆ ಹೇಳುತ್ತಿದ್ದ.

"...ಒಬ್ಬ ಇಟಾಲಿಯನ್ ಹುಡುಗ. ನೇರ ಬಂದು ನನ್ನ ಊಟದ ಮೇಲೆ ಬಿದ್ದ. ಅವನ ತಾಯಿ ಉದ್ದ ರೇಷ್ಮೆ ಗೌನಿನಲ್ಲಿ ಬಂದು ಅವನ ನಂಬರ್ ಪ್ಲೇಟಿನಲ್ಲೇ ನನಗೆ ಹಳದಿ ಅನ್ನ ಬಡಿಸಿದಳು. ರಿಸೊಟ್ಟೋ ಇರಬೇಕು. ಜೊತೆಗೆ ಒಂದು ಕರಿದ ತುಂಡು. ಮೂರು ದಿನ ನಾಲಗೆ ನನ್ನದಾಗಿರಲಿಲ್ಲ. ಅವತ್ತಿನಿಂದ ನಾನು ಇಟಾಲಿಯನ್ ಹೋಟೆಲಿಗೆ ಹೋಗಿಲ್ಲ." ಎಲ್ಲರೂ ನಕ್ಕರು. "ಆದರೆ ಆ ಪ್ಲೇಟು! ಅಪ್ಪಟ ಉಕ್ಕು. ಕೈಯಿಂದ ಕೊರೆದ ಅಕ್ಷರ. ಅರಾಕಾ... ಅರಾಕಾಗೂಡೋ. ಆ ಕಂಪನಿಗಾಗಿ ಎಷ್ಟು ಹುಡುಕಿದ್ದೀನಿ, ಎಲ್ಲೂ ಸಿಗಲಿಲ್ಲ."

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ಕುಳ್ಳನೆಯ ಸಂಗ್ರಾಹಕನೊಬ್ಬ, ಕೊರಳಿಗೆ ಭೂತಗನ್ನಡಿ ನೇತುಹಾಕಿಕೊಂಡವನು, ಗಂಭೀರವಾಗಿ ತಲೆದೂಗಿದ.

"ಅರಾಕಾಗೂಡೋ. ಮಿಲಾನಿನ ಹತ್ತಿರ ಒಂದು ಸಣ್ಣ ವರ್ಕ್‌ಶಾಪು. ಬಹಳ ಕಡಿಮೆ ಮಾಡಿದರು. ನಾನೊಂದು ನೋಡಿದ್ದೀನಿ, ಆದರೆ ಅದು ನಕಲಿ."

ಗುಂಪಿನಲ್ಲಿ ನಾಲ್ಕು ಜನ ಹೌದು ಹೌದು ಎಂದರು. ಒಬ್ಬ ಫೋನಿನಲ್ಲಿ ಬರೆದುಕೊಂಡ. ನಮ್ಮವನ ಮುಖದ ಮೇಲೆ ನಲವತ್ತು ವರ್ಷದ ಒಗಟು ಬಿಡಿಸಿದ ನೆಮ್ಮದಿ ಕಂಡಿತು. ನಾನು ಬಾಯಿ ಮುಚ್ಚಿಕೊಂಡು, ಕನ್ನಡದಲ್ಲಿ ತಲೆ ಅಲ್ಲಾಡಿಸಿ, ಅವನ ಕೈ ಕುಲುಕಿ ಬಂದುಬಿಟ್ಟೆ.

ಕಾರು ಹತ್ತಿ ಮೈಸೂರಿಗೆ ಫೋನು ಮಾಡಿದೆ. ನಮಗೆ ಸಂಜೆ, ಅಲ್ಲಿ ಬೆಳಗು.

"ಅಮ್ಮ, ಅರಕಲಗೂಡು ದೊಡ್ಡಮ್ಮ ಕೊಟ್ಟಿದ್ದ ತಟ್ಟೆ ಇದೆಯಾ?"

"ಇದೆ. ಯಾಕೆ?"

"ಜೋಪಾನವಾಗಿ ತೆಗೆದಿಡು. ಬಹಳ ಅಪರೂಪದ್ದಂತೆ."

"ಈಗಾಗಲ್ಲ ಕಣೋ, ದೋಸೆಹಿಟ್ಟಿನ ಮೇಲೆ ಮುಚ್ಚಿದ್ದೀನಿ. ತೆಗೆದರೆ ಉಕ್ಕಿಬಿಡುತ್ತೆ."